ಮೆಂಟರ್ ರಿವ್ಯೂ: ಮೇಡಂಗ 5ಕ್ಕ ನಾಲ್ಕೂವರಿ, ಅವಾರ್ಡ್ ಕಮಿಟಿಗಿ ಒಂದು

ಕಲಬುರಗಿ ಸೂಪರ್ ಮಾರ್ಕೆಟ್ ಬಜಾರದಾಗ ಶೀಲ್ಡ್ ಮಾಡೋ ಅಂಗಡಿಯವನು ನಮಗ ಕೇಳಿದ್ದು ಒಂದೇ ಮಾತು, "ಮ್ಯಾಟರ್ ಏನ್ ಬರೀಲಿ ಹೇಳ್ರಿ." ನಾವು ಐದು ಮಂದಿ ಹೋಗಿದ್ವಿ, ಒಬ್ಬರ ಮಾರಿ ಒಬ್ಬರು ನೋಡಿದ್ವಿ. ಕ್ರಿಕೆಟ್ ಟೂರ್ನಮೆಂಟ್ ಇದ್ರ ವಿನ್ನರ್ ಅಂತ ಬರಸ್ತಾರ, ರಿಟೈರ್ ಆದವರಿಗಿ ಸುದೀರ್ಘ ಸೇವೆ ಅಂತ ಬರಸ್ತಾರ, ಕಾಲೇಜಿನಾಗ ನಮ್ಮ ಓದು-ತ್ರಾಸ ವಿಚಾರಿಸೋ ಮೆಂಟರ್ ಮೇಡಂಗ ಏನಂತ ಬರಸೋದು? ಆವತ್ತ ಬಾಯಿಗಿ ಬರಲಾರದ್ದು ಇಲ್ಲಿ ಬರೀಲತ್ತೀನಿ, ಉದ್ದ ಆಗ್ತದ, ಚಹಾ ತಗೊಂಡ್ ಕೂಡ್ರಿ.

ಯಾವ ಕ್ಯಾಂಪಸ್ ಅಂತ ಮಾತ್ರ ಕೇಳಬ್ಯಾಡ್ರಿ, ಹೇಳಲ್ಲ. ಕಲಬುರಗ್ಯಾಗ ಅದ, ಅಷ್ಟೇ. 2022ರಾಗ ನಾ ಬಿ.ಎಸ್ಸಿ.ಗಿ ಸೇರಿದೆ, ಕೆಮಿಸ್ಟ್ರಿ-ಬಾಟನಿ. ಮೊದಲನೇ ವಾರದಾಗೇ ಎಲ್ಲರ ಕೈಯಾಗ ಒಂದೊಂದು ನೀಲಿ ಬಣ್ಣದ ಮೆಂಟರ್ ಡೈರಿ ಕೊಟ್ಟು, ಮೂವತ್ತು ಮಂದಿಗಿ ಒಬ್ಬರಂತ ಮೆಂಟರ್ ಹಂಚಿದ್ರು. ಮನಿಗಿ ಫೋನ್ ಹಚ್ಚಿ ಹೇಳಿದ್ರ ನಮ್ಮಪ್ಪ "ಮೆಂಟರ್ ಅಂದ್ರ ಏನ್ ಮಾನಿಟರ್ ಏನೋ, ನಿನಗ್ಯಾಕ ಮಾಡಿಲ್ಲ" ಅಂದ. ಖರೆ ಹೇಳಬೇಕಂದ್ರ ಭಾಳ ಮಂದಿ ಪಾಲಿಗಿ ಆ ಡೈರಿ ಇರೋದು ಕಾಲೇಜಿನ ಗುಣಮಟ್ಟ ನೋಡೋ ನ್ಯಾಕ್‌ದವರಿಗಿ ತೋರಸಲಾಕ, ಅವರು ಒಬ್ಬ ಮೆಂಟರಿಗಿ ಎಷ್ಟು ಹುಡುಗ್ರು ಅಂತ ಲೆಕ್ಕ ಕೇಳ್ತಾರಲ್ಲ, ಅದಕ್ಕ ವರ್ಷದ ಕಡೀಕ ಒಂದೇ ಪೆನ್ನಿಲೆ, ಒಂದೇ ಕುಂತ ಕುಂಡಿಲೆ ಹನ್ನೆರಡೂ ತಿಂಗಳ ಸೈನ್ ಬೀಳ್ತಾವ. ನನ್ನ ರೂಂಮೇಟ್ ಡೈರಿದಾಗ ಅವನ ಮೆಂಟರ್ ಸರ್ "ಪ್ರೋಗ್ರೆಸ್ ಗುಡ್" ಅಂತ ಬರದಿದ್ರು, ಆ ಸೆಮ್‌ದಾಗ ಆ ಪೋರಂದು ಮೂರು ಪೇಪರ್ ಫೇಲಾಗಿ ಬ್ಯಾಕ್ ಇದ್ವು.

ನಮ್ಮ ಮೇಡಂ ಹಂಗಲ್ಲ. ಮೊದಲನೇ ಮೀಟಿಂಗ್‌ನಾಗ ನಮಗ ಗುರಿ ಏನು, ಆಸೆ ಏನು, ಐದು ವರ್ಷ ಆದಮ್ಯಾಗ ಎಲ್ಲಿರ್ತಿ ಅಂತ ಏನೂ ಕೇಳಲಿಲ್ಲ. "ನಿಮ್ಮೂರಿಗಿ ಕಡೀ ಬಸ್ ಎಷ್ಟಕ್ಕ ಅದ?" ಇದೊಂದೇ. ಮೂವತ್ತು ಮಂದಿಗೂ ಕೇಳಿ ಡೈರಿ ಮೊದಲನೇ ಪುಟದಾಗ ಬರಕೊಂಡ್ರು. ನಂದು ಚಿಂಚೋಳಿ ತಾಲೂಕು, ಅಲ್ಲಿಂದ ಮತ್ತ ಒಳಗ ಹೋಗಬೇಕು, ಒಂದು ಬಸ್ ತಪ್ತಂದ್ರ ಚಿಂಚೋಳಿ ಬಸ್ ಸ್ಟ್ಯಾಂಡಿನಾಗೇ ಮಲಗೋದು. ಆಮ್ಯಾಲ ಮೂರು ವರ್ಷ ನಮ್ಮ ಗ್ರೂಪಿನ ಮೀಟಿಂಗ್ ಒಂದೂ ಸಂಜೀಕ ಇಡಲಿಲ್ಲ ನೋಡ್ರಿ, ಲ್ಯಾಬ್ ಲೇಟ್ ಆದ್ರ ಅವರೇ ಬಂದು "ಸರ್, ಈ ಮೂರು ಮಂದೀನ ಬಿಡ್ರಿ, ಬಸ್ ಹೋಗ್ತದ" ಅಂತಿದ್ರು. ಆಗ ನಂಗ ಇದು ದೊಡ್ಡ ಮಾತ ಅನಿಸಿರಲಿಲ್ಲ.

ಅವರ ಕೆಲಸ ಏನಂತ ನಂಗ ತಿಳದಿದ್ದು ಐದನೇ ಸೆಮ್ ಟೈಮಿಗಿ. ನಮ್ಮದು ಎನ್‌ಇಪಿ ಬ್ಯಾಚು, ಅಂದ್ರ ನಾಲ್ಕು ವರ್ಷದ ಡಿಗ್ರೀ ತಂದ ಹೊಸ ಶಿಕ್ಷಣ ನೀತಿದು. 2021-22ರಾಗ ಕರ್ನಾಟಕದಾಗ ಅದು ಬಂತು, 2024-25ಕ್ಕ ಸೇರೋ ಹೊಸ ಹುಡುಗ್ರಿಗಿ ತಗದು ಮತ್ತ ಹಳೇ ಮೂರು ವರ್ಷದ ಡಿಗ್ರೀನೇ ತಂದ್ರು, ನಡುವ ಸಿಕ್ಕೊಂಡವರು ನಾವು. ಒಂದೇ ಕಾರಿಡಾರಿನಾಗ ನಮಗೊಂದು ಸಿಲೆಬಸ್, ಜೂನಿಯರ್ಸ್‌ಗೊಂದು ಸಿಲೆಬಸ್. ನಾಲ್ಕನೇ ವರ್ಷ ಓದಲೇಬೇಕಂತ ಒಬ್ಬ, ಓದಿದ್ರೂ ಯಾರೂ ಕೇಳಲ್ಲ ಅಂತ ಇನ್ನೊಬ್ಬ, ಮೂರಕ್ಕೇ ಬಿಟ್ರ ಪಿ.ಜಿ. ಸೀಟೇ ಸಿಗಲ್ಲ ಅಂತ ಮತ್ತೊಬ್ಬ, ಎಲ್ಲಾ ಕ್ಯಾಂಟೀನ್ ಪ್ರೊಫೆಸರ್‌ಗಳು. ಅದರ ಮ್ಯಾಲ ಎರಡು ಸಬ್ಜೆಕ್ಟಿನಾಗ ಒಂದು ಮೇಜರ್ ಒಂದು ಮೈನರ್ ಆರಿಸಬೇಕು. ನಾ ಕೆಮಿಸ್ಟ್ರಿ ಅಂತ ಮಾಡಿದ್ದೆ, ಯಾಕಂದ್ರ ನಮ್ಮೂರ ಹುಡುಗ ಒಬ್ಬ ಹೈದರಾಬಾದಿನ ಫಾರ್ಮಾ ಕಂಪನಿಯಾಗ ಇದ್ದಾನ, ಅವನ ಬುಲೆಟ್ ಗಾಡಿ ನೋಡಿ ನನ್ನ ಕರಿಯರ್ ಫಿಕ್ಸ್ ಆಗಿತ್ತು.

ಮೇಡಂ ಬ್ಯಾಡ ಅನಲಿಲ್ಲ, ಹೂಂ ಅಂತೂ ಅನಲಿಲ್ಲ. ನಾಲ್ಕೂ ಸೆಮ್‌ದ ಮಾರ್ಕ್ಸ್ ಕಾರ್ಡ್ ತಂದು ಟೇಬಲ್ ಮ್ಯಾಲ ಇಡು ಅಂದ್ರು. ಇಟ್ಟೆ. "ಜೋರಾಗಿ ಓದು." ಓದಿದೆ, ಕೆಮಿಸ್ಟ್ರಿ 61, ಬಾಟನಿ 58, ಹಂಗೇ ಹಿಂದ ಮುಂದ, ದೊಡ್ಡ ಫರಕ್ ಏನಿಲ್ಲ. ಆಮ್ಯಾಲ ಕೇಳಿದ್ರು, "ಇದರಾಗ ಯಾವ ಪೇಪರ್ ಓದುವಾಗ ನಿನಗ ಮೊಬೈಲ್ ನೆನಪಾಗಲಿಲ್ಲ?" ನಾ ನಕ್ಕೆ, ಅವರು ನಗಲಿಲ್ಲ, ಪೆನ್ ಹಿಡಕೊಂಡ್ ಕಾದ್ರು. ಭಾಳ ಹೊತ್ತು ಕಾದ್ರು ಅನಸ್ತದ, ಫ್ಯಾನಿನ ಸಪ್ಪಳ ಕೇಳ್ತಿತ್ತು. ಪ್ಲಾಂಟ್ ಅನಾಟಮಿ ಅಂದೆ ನಾ. ಕಾಂಡದ ಸೆಕ್ಷನ್ ತಗದು ಮೈಕ್ರೋಸ್ಕೋಪಿನಾಗ ಇಟ್ಟು ನೋಡಿದ್ದು, ಊಟದ ಟೈಮ್ ದಾಟಿದ್ದು ಗೊತ್ತೇ ಆಗಿರಲಿಲ್ಲ ಆವತ್ತ. "ಹಂಗಾದ್ರ ಮನಿಗಿ ಹೋಗಿ ಎರಡು ದಿನ ವಿಚಾರ ಮಾಡು, ಬುಲೆಟ್ ಲೆಕ್ಕಕ್ಕ ಹಿಡೀಬ್ಯಾಡ" ಅಂದ್ರು. ಬುಲೆಟ್ ಸುದ್ದಿ ಅವರಿಗಿ ಯಾರ ಹೇಳಿದ್ರು ಇವತ್ತಿಗೂ ಗೊತ್ತಿಲ್ಲ. ನಾ ಬಾಟನಿ ಮೇಜರ್ ತಗೊಂಡೆ, ಈಗ ಅದರಾಗೇ ಎಂ.ಎಸ್ಸಿ. ಮಾಡ್ಲತ್ತೀನಿ.

ಇನ್ನೊಂದು, ಆಳಂದ ಕಡಿ ಹುಡುಗಂದು. ಅವಂದು ಅಟೆಂಡೆನ್ಸ್ 75ಕ್ಕ ಕೆಳಗ ಬಿತ್ತು, ತೊಗರಿ ರಾಶಿ ಸೀಸನ್. ಬ್ಯಾರೆ ಮೆಂಟರ್ ಇದ್ರ ಒಂದೋ "ಕಾಲೇಜ್ ಬೇಕೋ ಹೊಲ ಬೇಕೋ ಡಿಸೈಡ್ ಮಾಡು" ಅಂತ ಡೈಲಾಗ್ ಹೊಡಿತಿದ್ರು, ಇಲ್ಲಾ ಪಾಪ ಅಂತ ಸುಮ್ನ ಹಾಜರಿ ತುಂಬತಿದ್ರು. ಇವರು ಅವರಪ್ಪಗ ಫೋನ್ ಹಚ್ಚಿ ಸ್ಪೀಕರ್ ಮ್ಯಾಲ ಇಟ್ಟು "ಯಜಮಾನ್ರ, ರಾಶಿ ಮಷೀನ್ ನಿಮ್ಮ ಹೊಲಕ್ಕ ಯಾವತ್ತ ಬರ್ತದ್ರಿ?" ಅಂತ ಕೇಳಿದ್ರು. ಅವರಪ್ಪಗ ಖುಷಿ ಆಗಿ ಎಷ್ಟು ಎಕರೆ, ಎಷ್ಟು ಮಳಿ, ಕಾಯಿಕೊರಕ ಹುಳ ಎಲ್ಲಾ ಹೇಳಿದ. ಕಡೀಕ ತಿಳದಿದ್ದೇನಂದ್ರ ಹುಡುಗ ಬೇಕಾಗಿದ್ದು ನಾಲ್ಕೇ ದಿನ, ಇವ ಊರಾಗ ಕುಂತಿದ್ದು ಹದಿನೆಂಟು ದಿನ! ಎಲ್ಲರ ಮುಂದ ಅವನ ಮಾರಿ ನೋಡಬೇಕಿತ್ತು. ಯಾವ ನಾಲ್ಕು ದಿನ ಬಿಡಬಹುದು, ಯಾವ ಲ್ಯಾಬ್ ಬಿಟ್ರ ಮತ್ತ ಸಿಗಲ್ಲ ಅಂತ ಒಂದು ಹಾಳಿ ಮ್ಯಾಲ ಬರಕೊಟ್ರು, ಪೋರ ಪರೀಕ್ಷಾ ಕೂತ, ಪಾಸೂ ಆದ.

371ಜೆ ಸರ್ಟಿಫಿಕೇಟಿನ ಮಾತೂ ಹೇಳಬೇಕು. ನಮ್ಮ ಕಲ್ಯಾಣ ಕರ್ನಾಟಕ ಭಾಗದವರಿಗಿ ಸಂವಿಧಾನದ 2012ರ 98ನೇ ತಿದ್ದುಪಡಿಲೆ ಬಂದಿದ್ದು ಆ ಕಲಂ, ಅದರಿಂದ ಸೀಟಿನಾಗೂ ನೌಕರ್ಯಾಗೂ ಮೀಸಲಾತಿ ಅದ, ಆದ್ರ ಅರ್ಧ ಮಂದಿ ಅಪ್ಲಿಕೇಶನ್ ಕಡೀ ದಿನ ಓಡ್ತಾರ. ಮೇಡಂ ಮೂರನೇ ಸೆಮ್‌ದಾಗೇ ಯಾರದ್ದು ಆಗಿಲ್ಲ ಅಂತ ಲಿಸ್ಟ್ ಮಾಡಿ, ಚಿಂಚೋಳಿಯವರು ಅದನ್ನ ಕೊಡೋ ಕಲಬುರಗಿ ಎಸಿ (ಅಸಿಸ್ಟೆಂಟ್ ಕಮಿಷನರ್) ಆಫೀಸಿಗಿ ಹೋಗಿ ವಾಪಸ್ ಬರಬ್ಯಾಡ್ರಿ, ನಿಮ್ಮದು ಸೇಡಂ ಸಬ್ ಡಿವಿಜನ್ ಅಂತ ಹೇಳಿದ್ರು. ನಾ ಒಂದು ದಿನದ ಬಸ್ ಚಾರ್ಜ್ ಉಳಿಸಿದೆ, ಇದಕ್ಕೇ ಅರ್ಧ ಸ್ಟಾರ್.

ಈಗ ಕಮ್ಮಿ ಆಗಿರೋ ಅರ್ಧ ಸ್ಟಾರ್ ಯಾಕ? ಒಂದು ಸಲ ಅವರು ತಪ್ಪ ಹೇಳಿದ್ರು. ಎಂ.ಎಸ್ಸಿ. ಸೀಟಿನ ಎಂಟ್ರೆನ್ಸ್ ಸಿಯುಇಟಿ ಪಿ.ಜಿ. ಫಾರ್ಮ್ ತುಂಬುವಾಗ "ಒಂದು ಪೇಪರ್ ಸಾಕು, ಎರಡನೇದು ಯಾಕ ತಗೋತಿ" ಅಂದ್ರು, ನಾ ಬಿಟ್ಟೆ, ಆಮ್ಯಾಲ ನೋಡಿದ್ರ ನಂಗ ಬೇಕಾದ ಒಂದು ಕೋರ್ಸಿಗಿ ಬ್ಯಾರೇನೇ ಪೇಪರ್ ಕೋಡ್ ಇತ್ತು. ಸಿಟ್ಟು ಬಂತು, ನೇರ ಹೋಗಿ ಹೇಳಿದೆ. ಅವರು ಮುಂದಿನ ಮೀಟಿಂಗ್‌ನಾಗ ಎಲ್ಲರ ಎದುರಿಗೇ "ಇವರಿಗಿ ನಾ ಪ್ರಾಸ್ಪೆಕ್ಟಸ್ ಓದಲಾರದ ಹೇಳೀನಿ, ನಂದೇ ತಪ್ಪು, ನೀವ್ಯಾರೂ ನನ್ನ ಬಾಯಿ ಮಾತ ಮ್ಯಾಲ ಫಾರ್ಮ್ ತುಂಬಬ್ಯಾಡ್ರಿ" ಅಂದ್ರು. ಅವತ್ತಿಂದ ಯಾರು ಏನೇ ಕೇಳಿದ್ರೂ "ತಡಿ, ಮೊದಲ ನೋಟಿಫಿಕೇಶನ್ ತೆಗಿ" ಅಂತಾರ. ನಾ ನೋಡಿದ ಟೀಚರ್‌ಗಳ ಪೈಕಿ ತಪ್ಪಾತು ಅಂತ ಹುಡುಗ್ರ ಮುಂದ ಅಂದವರು ಅವರೊಬ್ಬರೇ, ಆದ್ರೂ ಆ ಸೀಟು ಹೋತಲ್ಲ, ಅರ್ಧ ಸ್ಟಾರ್ ಕಟ್. ಬೈಯೋದೂ ಭಾಳ ಅದ, ಅದಕ್ಕ ನಾ ಕಟ್ ಮಾಡಿಲ್ಲ.

ಅವಾರ್ಡ್ ಕಮಿಟಿಗಿ ಬರೋಣು. 2024ರ ಸೆಪ್ಟೆಂಬರ್ 5ಕ್ಕ ನಮ್ಮಲ್ಲಿ "ಬೆಸ್ಟ್ ಮೆಂಟರ್" ಅಂತ ಶುರು ಮಾಡಿದ್ರು. ಕೇಳಿ ಖುಷಿ ಆತು, ಹೋಗಿ ಫಾರ್ಮ್ ನೋಡಿದ್ವಿ. ಎಷ್ಟು ಮೀಟಿಂಗ್ ಮಾಡೀರಿ, ಜಾಗ ತೋರಸೋ ಜಿಯೋಟ್ಯಾಗ್ ಫೋಟೋ ಅವೇನು, ಗ್ರೂಪಿನ ಪಾಸ್ ಪರ್ಸೆಂಟೇಜ್ ಎಷ್ಟು, ಎಷ್ಟು ಪೇಪರ್ ಪಬ್ಲಿಷ್ ಮಾಡೀರಿ. ಮೆಂಟರಿಂಗ್‌ಗೂ ಪೇಪರ್ ಪಬ್ಲಿಷ್‌ಗೂ ಏನ್ ಸಂಬಂಧ? ಪಾಸ್ ಪರ್ಸೆಂಟೇಜ್ ಅಂತೂ ಪೂರಾ ಅನ್ಯಾಯ, ಗ್ರೂಪ್ ಹಂಚಿದ್ದು ಅಡ್ಮಿಷನ್ ಮೆರಿಟ್ ಪ್ರಕಾರ, ಮ್ಯಾಲಿನ ಮೂವತ್ತು ಮಂದಿ ಯಾರ ಪಾಲಿಗಿ ಬಂದ್ರೋ ಅವರು ಮನ್ಯಾಗ ಮಲಗಿದ್ರೂ ರಿಸಲ್ಟ್ ಬರ್ತದ, ನಮ್ಮ ಗ್ರೂಪು ಕಡೀ ಲಿಸ್ಟಿನದ್ದು. ಫೋಟೋ ವಿಷಯ ಕೇಳ್ರಿ, ನಮ್ಮ ಮೇಡಂ ಹತ್ರ ಒಂದೂ ಇಲ್ಲ. ಒಬ್ಬ ಹುಡುಗಿ ಫೀಸಿನ ಸಲುವಾಗಿ ಅಳ್ಲಿಕತ್ತಾಗ ಬಾಗಿಲು ಹಾಕ್ಕೊಂಡ್ ಮಾತಾಡ್ತಾರ, ಜಿಯೋಟ್ಯಾಗ್ ಹೊಡೀತಾರೇನು?

ಇಷ್ಟಾದ್ರೂ ನಾವು ಹೆಸರು ಕೊಡಲಾಕ ಹೋದ್ವಿ. ಆಫೀಸಿನವರು ಫಾರ್ಮ್ ಮ್ಯಾಲಿನ ಒಂದು ಸಾಲಿಗಿ ಬಟ್ಟ ಇಟ್ಟು ತೋರಿಸಿದ್ರು, ಕಾಯಂ ಸಿಬ್ಬಂದಿಗೆ ಮಾತ್ರ. ನಮ್ಮ ಮೇಡಂ ಗೆಸ್ಟ್ ಲೆಕ್ಚರರ್, ಕಾಯಂ ಅಲ್ಲ. ಮೂರು ವರ್ಷ ಮೂವತ್ತು ಮಂದಿ ಡೈರಿ ನೋಡಲಾಕ ಗೆಸ್ಟ್ ನಡೀತದ, ಸ್ಟೇಜ್ ಹತ್ತಲಾಕ ನಡ್ಯಲ್ಲ. ಕಾಯಂ ಅಸಿಸ್ಟೆಂಟ್ ಪ್ರೊಫೆಸರ್‌ಗ ಯುಜಿಸಿ ಲೆಕ್ಕದಾಗ ವಾರಕ್ಕ 16 ತಾಸು ಪಾಠ, ಅದರ ಮ್ಯಾಲ ಮೆಂಟರ್ ಕೆಲಸ, ಅವರದ್ದೂ ಕಷ್ಟ ಅದ, ಇಲ್ಲ ಅನ್ನಲ್ಲ, ಆದ್ರ ಗೆಸ್ಟಿನವರಿಗಿ ಈ ಕೆಲಸಕ್ಕ ಒಂದು ರೂಪಾಯಿ ಬ್ಯಾರೆ ಇಲ್ಲ, ಮುಂದಿನ ವರ್ಷ ಇರ್ತೀವೋ ಇಲ್ಲೋ ಅದೂ ಗೊತ್ತಿಲ್ಲ. ಅಮೆರಿಕಾದಾಗ ಅಕಡೆಮಿಕ್ ಅಡ್ವೈಸರ್ ಅಂತ ಬ್ಯಾರೆ ನೌಕರೀನೇ ಅದ, ಅವರದ್ದು ನಕಾಡಾ ಅಂತ ಒಂದು ಸಂಘ 1979ರಿಂದ ಅದ, ಅವರು ಪೂರ್ತಿ ಇದೇ ಕೆಲಸ ಮಾಡೋರಿಗಿ ಒಂದು ಅವಾರ್ಡು, ಪಾಠದ ಜೋಡಿ ಮಾಡೋ ಪ್ರೊಫೆಸರ್‌ಗಳಿಗಿ ಬ್ಯಾರೆ ಒಂದು ಅವಾರ್ಡು ಇಟ್ಟಾರ. ಎರಡೂ ಒಂದೇ ತಕ್ಕಡ್ಯಾಗ ಹಾಕಲ್ಲ. ನಮ್ಮಲ್ಲಿ ಅಷ್ಟೆಲ್ಲ ಬ್ಯಾಡ, ಎರಡನೇ ಸೆಮ್‌ದಾಗ ಬ್ಯಾಕ್ ಇದ್ದ ಹುಡುಗ ಐದನೇ ಸೆಮ್‌ದಾಗ ಎಲ್ಲಿದ್ದಾನ ಅಂತ ಒಂದು ಕಾಲಂ ಹಾಕ್ರಿ ಸಾಕು. ಕರೀಲಾರದ ತಾನಾಗೇ ಎರಡನೇ ಸಲ ಎಷ್ಟು ಮಂದಿ ಹೋಗ್ಯಾರ ಅಂತ ಹುಡುಗ್ರಿಗಿ ಕೇಳ್ರಿ. ಆ ಫಾರ್ಮಿನಾಗ ಹುಡುಗ್ರಿಗಿ ಕೇಳೋ ಪ್ರಶ್ನೀನೇ ಇರಲಿಲ್ಲ, ಒಂದು ಸ್ಟಾರ್ ಯಾಕ ಕೊಟ್ಟೀನಿ ಅಂದ್ರ ಅವಾರ್ಡ್ ಅಂತ ಒಂದು ಶುರು ಮಾಡಿದ್ರಲ್ಲ ಅದಕ್ಕ.

ಅದಕ್ಕೇ 2025ರಾಗ ಹೊಂಡುವಾಗ ಮಂದಿಗಿ ಇಪ್ಪತ್ತು ರೂಪಾಯಿಯಂತ ಕೂಡಿಸಿ ಶೀಲ್ಡ್ ಅಂಗಡಿಗಿ ಹೋಗಿದ್ದು. ಕಡೀಕ "ನಮ್ಮ ಮೆಂಟರ್ ಮೇಡಂಗ, ಬಿ.ಎಸ್ಸಿ. ಹುಡುಗ್ರು" ಅಂತ ಬರಸಿದ್ವಿ. ಸಂಜೀಕ ಡಬ್ಬಿ ತಗದು ನೋಡಿದ್ರ "ನಮ್ಮ ಮೀಟರ್ ಮೇಡಂಗ"! ತಿದ್ದಿಸಲಾಕ ಟೈಮಿಲ್ಲ, ಮರುದಿನ ಅಂಜಿಕೋತ ಹಂಗೇ ಕೊಟ್ವಿ. ಮೇಡಂ ಕನ್ನಡಕ ಏರಿಸಿ ಎರಡು ಸಲ ಓದಿದ್ರು, ಆಮ್ಯಾಲ "ಕರೆಂಟ್ ಬಿಲ್ ಯಾರು ಕಟ್ತೀರಿ?" ಅಂದ್ರು. ಈಗೂ ಅವರ ಟೇಬಲ್ ಮ್ಯಾಲ ಅದ, ಹಾಜರಿ ಬುಕ್ ಹಾರಬಾರದಂತ ಅದರ ಮ್ಯಾಲ ಇಡ್ತಾರ.

ಜೂನಿಯರ್ಸ್‌ಗ ಎರಡು ಮಾತು: ಏಪ್ರಿಲ್-ಮೇದಾಗ ಆಫೀಸ್ ಟೈಮ್ ಮುಂಜಾನಿ 8ರಿಂದ ಮಧ್ಯಾಹ್ನ ಒಂದೂವರಿ ತನಕ, ಹನ್ನೆರಡರ ಒಳಗ ಹೋಗ್ರಿ, ಆಮ್ಯಾಲ ಬಿಸಿಲಿಗಿ ಅವರ ತಲಿ ಕಾದಿರ್ತದ. ಎಲ್ಲಾ ಸೆಮ್‌ದ ಮಾರ್ಕ್ಸ್ ಕಾರ್ಡ್ ತಗೊಂಡ್ ಹೋಗ್ರಿ, ಮೊಬೈಲ್‌ದಾಗಿನ ಫೋಟೋ ನಡ್ಯಲ್ಲ. ರಾತ್ರಿ ಎಂಟರ ಮ್ಯಾಲ ವಾಟ್ಸಾಪ್ ಮಾಡಬ್ಯಾಡ್ರಿ, ಬ್ಲೂ ಟಿಕ್ ಬರ್ತದ, ಉತ್ತರ ಬರಲ್ಲ, ಮರುದಿನ ಕ್ಲಾಸಿನಾಗ ನಿಲ್ಲಿಸಿ ಕೇಳ್ತಾರ.