ಸ್ಲೀಪ್ ಅಪ್ನಿಯಾ: ಹೃದಯ ಮತ್ತು ಉಸಿರಿನ ನಂಟನ್ನು ಅಳೆಯಲು ಯಾವ ವಿಧಾನ?

ಸ್ಲೀಪ್ ಅಪ್ನಿಯಾ (ನಿದ್ರೆಯಲ್ಲಿ ಉಸಿರು ಮತ್ತೆ ಮತ್ತೆ ನಿಲ್ಲುವ ತೊಂದರೆ) ಇರುವವರಲ್ಲಿ ಉಸಿರು 10 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಕಾಲ ನಿಂತಾಗ ಹೃದಯ ಬಡಿತವು ಸಾಮಾನ್ಯವಾಗಿ ನಿಧಾನವಾಗಿ, ಉಸಿರು ಮರಳಿದೊಡನೆ ಚುರುಕಾಗುತ್ತದೆ.

ಇದನ್ನು ಅಳೆಯುವ ಸುಲಭದ ದಾರಿ ಬಡಿತಗಳ ನಡುವಿನ ಅಂತರದ ಆವರ್ತನ ವಿಶ್ಲೇಷಣೆ, ಅಂದರೆ ಆ ಅಂತರ ಎಷ್ಟು ವೇಗದಲ್ಲಿ ಏರಿಳಿಯುತ್ತದೆ ಎಂಬ ಲೆಕ್ಕ. ಉಸಿರಾಟದೊಂದಿಗೆ ಬಡಿತ ಏರಿಳಿಯುವುದನ್ನು ಅದು 0.15ರಿಂದ 0.4 ಹರ್ಟ್ಸ್ (ಸೆಕೆಂಡಿಗೆ ಎಷ್ಟು ಸುತ್ತು ಎಂಬ ಅಳತೆ) ವ್ಯಾಪ್ತಿಯಲ್ಲಿ ತೋರಿಸುತ್ತದೆ. ಆದರೆ ಉಸಿರು ನಿಂತು ಮರಳುವ ಒಂದು ಸುತ್ತಿಗೆ 40 ಸೆಕೆಂಡು ಹಿಡಿದರೆ ಅದರ ಗುರುತು 0.025 ಹರ್ಟ್ಸ್‌ನಲ್ಲಿ ಮೂಡುವುದರಿಂದ, ಆ ಮೊದಲ ವ್ಯಾಪ್ತಿಯನ್ನಷ್ಟೇ ನೋಡುವವರಿಗೆ ರೋಗದ ಮುಖ್ಯ ಲಕ್ಷಣವೇ ತಪ್ಪಿಹೋಗುತ್ತದೆ.

ಕಾರ್ಡಿಯೋಪಲ್ಮನರಿ ಕಪ್ಲಿಂಗ್ (ಹೃದಯ-ಶ್ವಾಸಕೋಶಗಳ ಜೋಡಣೆ) ವಿಧಾನ ಈ ಕೊರತೆಯನ್ನು ತುಂಬುತ್ತದೆ. ಎದೆಯ ಚಲನೆಯಿಂದ ಇಸಿಜಿಯ ಆರ್ ಅಲೆಯ (ಪ್ರತಿ ಬಡಿತದಲ್ಲೂ ಕಾಣುವ ಚೂಪಾದ ಶಿಖರದ) ಎತ್ತರ ಬದಲಾಗುವುದನ್ನೇ ಬಳಸಿ ಅದು ಉಸಿರಿನ ಸಂಕೇತವನ್ನು ಹೊರತೆಗೆಯುತ್ತದೆ; ಬಳಿಕ ಅದನ್ನು ಬಡಿತದ ಅಂತರದೊಂದಿಗೆ ಹೋಲಿಸಿ, 0.1 ಹರ್ಟ್ಸ್‌ಗಿಂತ ಕೆಳಗಿನ ನಂಟನ್ನು ಅಸ್ಥಿರ ನಿದ್ರೆಯೆಂದೂ ಮೇಲಿನದನ್ನು ಸ್ಥಿರ ನಿದ್ರೆಯೆಂದೂ ಗುರುತಿಸುತ್ತದೆ. ಇಸಿಜಿ ಮಾತ್ರ ಲಭ್ಯವಿರುವಾಗ, ಇಡೀ ರಾತ್ರಿಯ ದಾಖಲೆಗೆ ನನ್ನ ಆಯ್ಕೆ ಇದೇ. ಆದರೂ ಇದು ಉಸಿರಿನ ಪರೋಕ್ಷ ಅಂದಾಜು ಎಂಬುದನ್ನು ಮರೆಯಬಾರದು.

ಪ್ರತಿ ಬಡಿತವೂ ಉಸಿರಿನ ಯಾವ ಘಟ್ಟದಲ್ಲಿ ಬಿದ್ದಿತೆಂದು ತಿಳಿಯಬೇಕಾದರೆ ಸಿಂಕ್ರೋಗ್ರಾಮ್ ಎಂಬ ನಕ್ಷೆ ಸೂಕ್ತ. ಎರಡೂ ಲಯ ಹೊಂದಿಕೊಂಡಾಗ ಅದರಲ್ಲಿ ಅಡ್ಡಗೆರೆಗಳು ಸಾಲಾಗಿ ಕಾಣುತ್ತವೆ, ಅಪ್ನಿಯಾ ಬಂದಾಗ ಚದುರುತ್ತವೆ. ಇದಕ್ಕೆ ಎದೆಪಟ್ಟಿಯಿಂದ ಪಡೆದ ನಿಚ್ಚಳ ಉಸಿರಾಟದ ದಾಖಲೆ ಬೇಕು.

ಏಟ್ರಿಯಲ್ ಫಿಬ್ರಿಲೇಶನ್ (ಹೃದಯದ ಮೇಲ್ಕೋಣೆಗಳ ಲಯ ತಪ್ಪುವ ತೊಂದರೆ) ಇರುವವರಲ್ಲಿ ಬಡಿತವೇ ಕ್ರಮ ತಪ್ಪಿರುವುದರಿಂದ, ಈ ಮೂರರ ಫಲಿತಾಂಶವನ್ನೂ ನೆಚ್ಚಲಾಗದು.