ಬಕ್ರೀದ್‌ಗೆ ಏನು ಉಡಬೇಕು: ಶರಾರಾ, ಮೈಸೂರು ರೇಷ್ಮೆ, ಕಸೂತಿ ಕುರ್ತಾ, ಇಳಕಲ್ ಸೀರೆ

ರಂಜಾನ್ ಹಬ್ಬಕ್ಕೆ ಹೊಸ ಬಟ್ಟೆ ಹೊಲಿಸದ ಮನೆ ನಮ್ಮ ಬಂಧುಬಳಗದಲ್ಲಿ ಒಂದೂ ಇಲ್ಲ. ಬಕ್ರೀದ್‌ಗೆ ಹೊಲಿಸುವ ಮನೆಗಳನ್ನು ಹುಡುಕಬೇಕಾಗುತ್ತದೆ. ರಂಜಾನ್ ಹಬ್ಬ ಬೀಳುವ ಶವ್ವಾಲ್ ತಿಂಗಳ ಮೊದಲ ದಿನಕ್ಕೂ ಬಕ್ರೀದ್ ಬೀಳುವ ಜುಲ್‌ಹಿಜ್ಜಾ ತಿಂಗಳ ಹತ್ತನೆಯ ದಿನಕ್ಕೂ ನಡುವೆ ಇರುವುದು ಸುಮಾರು 70 ದಿನಗಳು ಮಾತ್ರ. ಆ ಅವಧಿಯಲ್ಲಿ ಕೈಯಲ್ಲಿ ಉಳಿದ ಹಣವೆಲ್ಲ ಕುರ್ಬಾನಿಗೆ, ಅಂದರೆ ಬಲಿಗೆ, ಕೊಡುವ ಕುರಿಗೆ ಹೋಗುತ್ತದೆ. ಹೀಗಾಗಿ ಧಾರವಾಡದ ನಮ್ಮ ಓಣಿಯಲ್ಲಿ ರಂಜಾನಿನ ಕೊನೆಯ ರಾತ್ರಿಗಳಲ್ಲಿ ಬಳೆ ಅಂಗಡಿ, ದರ್ಜಿ ಅಂಗಡಿಗಳ ಮುಂದೆ ಕಾಣುವ ನೂಕುನುಗ್ಗಲು ಬಕ್ರೀದ್ ಮುನ್ನಾದಿನ ಇರುವುದಿಲ್ಲ. ಆ ಸಂಜೆ ಕೇಳಿಸುವುದು ಕುರಿಗಳ ಅರಚಾಟ ಮತ್ತು ಚೂರಿ ಮಸೆಯುವ ಸದ್ದು. ಆದರೂ ಹಬ್ಬ ಹಬ್ಬವೇ. ಈದ್ ದಿನ ಸ್ನಾನ ಮಾಡಿ, ಇರುವುದರಲ್ಲಿ ಉತ್ತಮವಾದ ಬಟ್ಟೆ ಧರಿಸುವುದು ಸುನ್ನತ್, ಅಂದರೆ ಪ್ರವಾದಿಯವರ ರೂಢಿ. ಅಲ್ಲಿ ಕೇಳಿರುವುದು ಉತ್ತಮವಾದುದನ್ನೇ ಹೊರತು ಹೊಸದನ್ನಲ್ಲ. ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು, ಕಳೆದ ಕೆಲವು ವರ್ಷಗಳಲ್ಲಿ ನಾಲ್ಕು ಬಗೆಯ ಉಡುಪುಗಳನ್ನು ನಾನು ಬಕ್ರೀದ್‌ನ ದಿನ ಉಟ್ಟು ನೋಡಿದ್ದೇನೆ. ಅವುಗಳಲ್ಲಿ ಯಾವುದು ಆ ದಿನಕ್ಕೆ ಒದಗಿತು, ಯಾವುದು ಒದಗಲಿಲ್ಲ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆ ದಿನದ ಸ್ವರೂಪವನ್ನು ಹೇಳಬೇಕು. ಅದನ್ನು ಬಿಟ್ಟು ಬಟ್ಟೆಯ ಗುಣದೋಷ ಹೇಳಿದರೆ ಅರ್ಥವಿರುವುದಿಲ್ಲ. ಬಕ್ರೀದ್ ನಮಾಜನ್ನು ರಂಜಾನಿನ ಈದ್ ನಮಾಜಿಗಿಂತ ಬೇಗ ಮುಗಿಸುವುದು ರೂಢಿ, ಏಕೆಂದರೆ ಅದರ ನಂತರವೇ ಕುರ್ಬಾನಿ ಆಗಬೇಕು. ನಮ್ಮ ಮನೆಯ ಗಂಡಸರು ಬಿಳಿ ಕುರ್ತಾ ತೊಟ್ಟು, ಅತ್ತರು ಹಚ್ಚಿಕೊಂಡು, ತಕ್ಬೀರ್ ಹೇಳುತ್ತ ಈದ್ಗಾಹ್‌ಗೆ ಹೋಗುತ್ತಾರೆ. ಮರಳಿ ಬಂದ ಕೂಡಲೇ ಕುರ್ತಾ ಗೂಟಕ್ಕೆ ಹಾಕಿ ಹಳೆಯ ಲುಂಗಿ, ಬನಿಯನ್ನಿನಲ್ಲಿ ಹಿತ್ತಲಿಗೆ ಇಳಿಯುತ್ತಾರೆ. ಅವರಿಗೆ ಎರಡು ಉಡುಪುಗಳಿವೆ, ಎರಡಕ್ಕೂ ಬೇರೆ ಬೇರೆ ಹೊತ್ತಿದೆ. ಹೆಂಗಸರಿಗೆ ಆ ಅನುಕೂಲವಿಲ್ಲ. ಒಳಗೆ ಕಲೇಜಿ (ಕುರಿಯ ಲಿವರ್) ಹುರಿಯುತ್ತಿರುವಾಗಲೇ ಹೊರಗೆ ಮುಬಾರಕ್ ಹೇಳಲು ಬಂದವರು ಕುಳಿತಿರುತ್ತಾರೆ. ಮಾಂಸವನ್ನು ಮನೆಗೆ, ಬಂಧುಮಿತ್ರರಿಗೆ, ಬಡವರಿಗೆ ಎಂದು ಮೂರು ಹಿಸ್ಸೆ ಮಾಡಿ ಚೀಲಗಳಿಗೆ ತುಂಬುತ್ತಿರುವಾಗಲೇ ಬಾಗಿಲಲ್ಲಿ ತಟ್ಟೆ ಹಿಡಿದವರು ನಿಂತಿರುತ್ತಾರೆ. ಒಂದೇ ಬಟ್ಟೆಯಲ್ಲಿ ಅಡುಗೆಮನೆಗೂ ಪಡಸಾಲೆಗೂ ಹತ್ತಾರು ಬಾರಿ ಓಡಾಡಬೇಕು, ನಡುವೆ ನಮಾಜಿಗೆ ಮೊದಲು ಮುಖ, ಕೈಕಾಲು ತೊಳೆಯುವ ವುಜೂ ಮಾಡಬೇಕು, ನಮಾಜಿಗೆ ನಿಲ್ಲಬೇಕು. ಇದು ಒಂದೇ ದಿನದ ಮಾತೂ ಅಲ್ಲ. ಕುರ್ಬಾನಿಗೆ ಮೂರು ದಿನಗಳ ಅವಕಾಶವಿರುವುದರಿಂದ ಬರುವವರು ಮೂರೂ ದಿನ ಬರುತ್ತಾರೆ.

ಇನ್ನೂ ಒಂದು ವಿಷಯವನ್ನು ಸಿಂಗಾರದ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು. ಕುರ್ಬಾನಿ ಕೊಡುವವರು ಜುಲ್‌ಹಿಜ್ಜಾ ಚಂದ್ರ ಕಂಡಂದಿನಿಂದ ಕುರ್ಬಾನಿ ಆಗುವವರೆಗೆ ಕೂದಲು, ಉಗುರು ಕತ್ತರಿಸದಿರುವುದು ಒಳ್ಳೆಯದೆಂದು ನಮ್ಮಲ್ಲಿ ಪಾಲಿಸುತ್ತಾರೆ. ಆದ್ದರಿಂದ ಆ ಬಗೆಯ ಸಿಂಗಾರವೆಲ್ಲ ಹತ್ತು ದಿನ ಮೊದಲೇ ಮುಗಿದಿರುತ್ತದೆ. ಉಳಿಯುವುದು ಮದರಂಗಿ, ಸುರ್ಮಾ ಮತ್ತು ಬಟ್ಟೆ.

ನಾಲ್ಕರಲ್ಲಿ ಹೆಚ್ಚು ಮನೆಗಳಲ್ಲಿ ಕಾಣುವುದು ರಂಜಾನಿನ ಉಡುಪನ್ನೇ ಮತ್ತೆ ತೊಡುವ ಪದ್ಧತಿ. 2023ರಲ್ಲಿ ರಂಜಾನ್ ಹಬ್ಬ ಏಪ್ರಿಲ್ 22ರಂದು, ಬಕ್ರೀದ್ ಜೂನ್ 29ರಂದು ಬಂದಿತ್ತು. ಏಪ್ರಿಲ್‌ನಲ್ಲಿ ಹೊಲಿಸಿದ್ದ ಜಾರ್ಜೆಟ್ ಶರಾರಾ ಒಂದೇ ಸಲ ತೊಟ್ಟಿದ್ದಾಗಿತ್ತು, ಅದನ್ನೇ ಹೊರತೆಗೆದೆ. ಖರ್ಚಿಲ್ಲ ಎಂಬುದು ಅದರ ಮೊದಲ ಗುಣ, ನೋಡಲು ಹಬ್ಬದ ಕಳೆ ತಾನಾಗಿ ಬರುತ್ತದೆ ಎಂಬುದು ಎರಡನೆಯದು. ಆದರೆ ಮಳೆ ಹಿಡಿದಿತ್ತು. ಕೆಳಗೆ ಹೋದಂತೆ ಅಗಲವಾಗಿ ಹರಡುವ ಶರಾರಾದ ಅಂಚು ಹಿತ್ತಲಿನ ತೇವವನ್ನೆಲ್ಲ ಒರೆಸಿಕೊಂಡು ಬಂದು, ಹತ್ತು ಗಂಟೆಯ ಹೊತ್ತಿಗೆ ಒಂದು ಗೇಣಿನಷ್ಟು ಎತ್ತರಕ್ಕೆ ಮಣ್ಣುಬಣ್ಣಕ್ಕೆ ತಿರುಗಿತು. ದುಪಟ್ಟಾ ಎಷ್ಟು ಪಿನ್ ಹಾಕಿದರೂ ಜಾರಿ, ಬಾಗಿದಾಗಲೆಲ್ಲ ಮಾಂಸದ ಬುಟ್ಟಿಗೆ ಬೀಳುತ್ತಿತ್ತು. ಇವೆರಡನ್ನೂ ಸಹಿಸಿಕೊಳ್ಳಬಹುದಿತ್ತು; ಒಲೆಯ ವಿಷಯದಲ್ಲಿ ಮಾತ್ರ ಸಹಿಸುವಂತಿರಲಿಲ್ಲ. ಜಾರ್ಜೆಟ್ ಎಂದು ಮಾರುವ ಬಟ್ಟೆಯಲ್ಲಿ ಹೆಚ್ಚಿನದು ಪಾಲಿಯೆಸ್ಟರ್. ಬೆಂಕಿ ತಗುಲಿದರೆ ಅದು ಕರಗಿ ಮೈಗೆ ಅಂಟುತ್ತದೆ. ನನ್ನ ದುಪಟ್ಟಾದ ತುದಿ ಗ್ಯಾಸ್ ಒಲೆಯ ಪಕ್ಕ ಹಾದು ಮುರುಟಿ ಗಟ್ಟಿಯಾದಾಗ, ಅದು ಅಷ್ಟಕ್ಕೇ ನಿಂತಿತೆಂದು ಅಲ್ಲಾಹನಿಗೆ ಶುಕ್ರ್ ಹೇಳಿ ಒಳಗೆ ಹೋಗಿ ಹಳೆಯ ನೈಟಿ ತೊಟ್ಟು ಬಂದೆ. ಹಬ್ಬದ ಉಡುಪು ನನ್ನ ಮೈಮೇಲೆ ಇದ್ದದ್ದು ನಾಲ್ಕು ಗಂಟೆ ಮಾತ್ರ. ಅದೇ ದಿನ ಆಷಾಢ ಏಕಾದಶಿಯೂ ಬಿದ್ದಿತ್ತು. ಪಕ್ಕದ ಮನೆಯವರು ಉಪವಾಸದಲ್ಲಿದ್ದುದರಿಂದ ಅವರಿಗೆ ಸುರಕುಂಬಾ ಎಂಬ ಶಾವಿಗೆ ಪಾಯಸ ಕೊಡುವುದನ್ನು ಮರುದಿನಕ್ಕೆ ಇಟ್ಟುಕೊಂಡೆವು. ಮರುದಿನ ಅವರ ಮನೆಗೆ ತೊಟ್ಟು ಹೋಗಲು ಶರಾರಾ ಆಗಲೇ ಒಗೆಯುವ ಬಟ್ಟೆಗಳಲ್ಲಿ ಬಿದ್ದಿತ್ತು.

ಮೈಸೂರು ರೇಷ್ಮೆಯನ್ನು ಅದಕ್ಕೂ ಹಿಂದಿನ ವರ್ಷ, 2022ರ ಜುಲೈ 10ರಂದು ಉಟ್ಟಿದ್ದೆ. ಮೈಸೂರಿನಲ್ಲಿ 1912ರಲ್ಲಿ ಆರಂಭವಾದ ಕಾರ್ಖಾನೆಯಲ್ಲಿ ಇಂದಿಗೂ ನೇಯುವ ಈ ಸೀರೆಯ ಜರಿಯಲ್ಲಿ ಶೇಕಡ 65 ಬೆಳ್ಳಿ ಮತ್ತು ಶೇಕಡ 0.65 ಚಿನ್ನವಿರುತ್ತದೆ. ಮೈಗೆ ಅಂಟಿದಂತೆ ಇಳಿಯುವ ಅದರ ನಯ, ಅಬ್ಬರವಿಲ್ಲದ ಹೊಳಪು ಬಕ್ರೀದ್‌ನಂಥ ಸದ್ದಿಲ್ಲದ ಹಬ್ಬಕ್ಕೆ ಬಹಳ ಹೊಂದುತ್ತದೆ ಎಂದೇ ನಾನು ಭಾವಿಸಿದ್ದೆ. ನೋಟದ ಮಟ್ಟಿಗೆ ಆ ಅಭಿಪ್ರಾಯ ಇಂದಿಗೂ ಬದಲಾಗಿಲ್ಲ. ಬಂದವರೆಲ್ಲ ಮೆಚ್ಚಿದ್ದೂ ನಿಜ. ಆದರೆ ಕ್ರೇಪ್ ರೇಷ್ಮೆಯನ್ನು ನೇಯುವುದು ಬಿಗಿಯಾಗಿ ಹುರಿಗೊಳಿಸಿದ ಎಳೆಗಳಿಂದ. ನೀರು ಬಿದ್ದರೆ ಆ ಎಳೆಗಳು ಕುಗ್ಗುತ್ತವೆ. ಮಧ್ಯಾಹ್ನದ ಜುಹರ್ ನಮಾಜಿಗೆ ವುಜೂ ಮಾಡುವಾಗ ಮೊಣಕೈಯಿಂದ ಸೋರಿದ ನೀರು ಸೆರಗಿನ ಮೇಲೆ ಬಿದ್ದಲ್ಲೆಲ್ಲ ನಾಣ್ಯದಗಲದ ಸುಕ್ಕುಗಳು ಎದ್ದವು. ಅಷ್ಟು ಬೆಲೆಯ ಸೀರೆಯಲ್ಲಿ ಮಾಂಸ ಮುಟ್ಟುವ ಧೈರ್ಯ ಬರಲಿಲ್ಲ. ನನ್ನ ಪಾಲಿನ ಕೆಲಸವನ್ನೆಲ್ಲ ಅತ್ತೆಯವರು ಮತ್ತು ನಾದಿನಿ ಮಾಡಿದರು, ನಾನು ಪಡಸಾಲೆಯಲ್ಲಿ ಕುಳಿತು ಬಂದವರಿಗೆ ತಟ್ಟೆ ಕೊಟ್ಟೆ. ಆ ಇಡೀ ದಿನ ನನಗೆ ಮುಜುಗರವಾಯಿತು. ಕೆಲಸದಿಂದ ನಮ್ಮನ್ನು ದೂರವಿಡುವ ಉಡುಪು ಮದುವೆಗೆ ತಕ್ಕುದು, ಈ ಹಬ್ಬಕ್ಕಲ್ಲ.

ಇಲ್ಲಿ ಗಂಡಸರ ಬಟ್ಟೆಯ ಬಗ್ಗೆ ಒಂದೆರಡು ಮಾತು ಹೇಳಿಬಿಡುತ್ತೇನೆ. ಅಪ್ಪಟ ರೇಷ್ಮೆ ಹೆಂಗಸರಿಗೆ ಸಲ್ಲುತ್ತದೆ, ಗಂಡಸರಿಗೆ ಸಲ್ಲುವುದಿಲ್ಲ. ಅಂಗಡಿಯಲ್ಲಿ ಮಗನಿಗೆ ತೋರಿಸಿದ ಹೊಳೆಯುವ ಕುರ್ತಾ ರೇಷ್ಮೆಯೋ ಕೃತಕ ಎಳೆಯ ಆರ್ಟ್ ಸಿಲ್ಕೋ ಎಂಬ ಸಂದೇಹ ಬಂದಾಗ ಒಳಹೊಲಿಗೆಯಿಂದ ಒಂದು ಎಳೆ ಕೇಳಿ ಪಡೆದು ಸುಟ್ಟು ನೋಡಿದೆವು: ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾಗುತ್ತದೆ, ಪಾಲಿಯೆಸ್ಟರಾದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ನಮಗೆ ಸಿಕ್ಕಿದ್ದು ಮಣಿ. ಕೊನೆಗೆ ಬಿಳಿ ಹತ್ತಿಯ ಕುರ್ತಾ ತಂದೆವು. ಗಂಡಸರಿಗೆ ಅದನ್ನು ಮೀರಿಸುವ ಆಯ್ಕೆ ನನಗೆ ಕಾಣುವುದಿಲ್ಲ. ಇನ್ನು ಮನೆಬಟ್ಟೆಯ ಮೇಲೆ ಒಂದು ಒಳ್ಳೆಯ ಅಬಾಯಾ ಧರಿಸಿದರೆ ಸಾಕು ಎನ್ನುವವರಿದ್ದಾರೆ. ಹೊರಗೆ ಹೋಗುವುದಕ್ಕೆ ಅದು ಸರಿ, ಮನೆಯೊಳಗೆ ದಿನವಿಡೀ ತೊಡುವುದಕ್ಕಲ್ಲ.

ಕಸೂತಿ ಹಾಕಿದ ಹತ್ತಿಯ ಕುರ್ತಾವನ್ನು 2024ರ ಜೂನ್ 17ರ ಹಬ್ಬಕ್ಕೆ ತೊಟ್ಟೆ. ಕಸೂತಿ ನಮ್ಮ ಧಾರವಾಡದ್ದೇ ಕೈಕೆಲಸ. ಬಟ್ಟೆಯ ಮೇಲೆ ಗೆರೆ ಎಳೆಯದೆ, ಎಳೆಗಳನ್ನು ಎಣಿಸುತ್ತ ಹಾಕುವ ಹೊಲಿಗೆ. ಗವಂತಿ, ಮುರಗಿ, ನೇಯ್ಗಿ, ಮೆಂತಿ ಎಂಬ ನಾಲ್ಕು ಬಗೆಗಳಲ್ಲಿ ಗವಂತಿ ಮತ್ತು ಮುರಗಿ ಎರಡೂ ಬದಿಯಿಂದ ಒಂದೇ ರೀತಿ ಕಾಣುತ್ತವೆ, ಹಿಂಬದಿಯಲ್ಲಿ ಗಂಟು ಇರುವುದಿಲ್ಲ. ಕಸೂತಿಯಲ್ಲಿ ಗೋಪುರ, ತೇರು, ಆನೆ, ನವಿಲುಗಳ ಚಿತ್ತಾರ ಹೆಚ್ಚು. ನಮಾಜಿಗೆ ನಿಲ್ಲುವ ಬಟ್ಟೆಯ ಮೇಲೆ ಪ್ರಾಣಿಗಳ ರೂಪ ಬೇಡವೆಂದು ನಾನು ಮುರಗಿಯ ಮೆಟ್ಟಿಲುಗೆರೆಗಳನ್ನು ಮಾತ್ರ ತೋಳಿಗೂ ಕೊರಳಿಗೂ ಹಾಕಿಸಿಕೊಂಡೆ. ಕೆಲಸದ ದೃಷ್ಟಿಯಿಂದ ನಾಲ್ಕರಲ್ಲಿ ಇದೇ ಮುಂದು. ತೋಳು ಮಡಚಿದರೆ ವುಜೂಗೆ ತೊಡಕಿಲ್ಲ, ಹತ್ತಿ ಜಾರ್ಜೆಟ್ಟಿನಂತೆ ಕರಗಿ ಮೈಗೆ ಅಂಟುವುದಿಲ್ಲ, ಯಾರ ಮನೆಗೆ ಎಷ್ಟು ಚೀಲ ಎಂಬ ಚೀಟಿ ಇಡಲು ಜೇಬಿದೆ. ರಕ್ತದ ಕಲೆ ಬಿದ್ದಾಗ ಕೂಡಲೇ ತಣ್ಣೀರಿನಲ್ಲಿ ತಿಕ್ಕಿದೆ, ಹೋಯಿತು. ಬಿಸಿನೀರು ಹಾಕಿದರೆ ಆ ಕಲೆ ಎಳೆಯೊಳಗೆ ಕೂತುಬಿಡುತ್ತದೆ ಎಂಬುದನ್ನು ಹೊಸಬರು ತಿಳಿದಿರಬೇಕು. ದೋಷವೆಂದರೆ, ಮಧ್ಯಾಹ್ನದ ಹೊತ್ತಿಗೆ ಹತ್ತಿ ಮುದುಡಿ ಅದು ದಿನನಿತ್ಯದ ಬಟ್ಟೆಯಂತೆ ಕಾಣತೊಡಗಿತು. ಸಂಜೆ ಬಂದ ಹಿರಿಯರೊಬ್ಬರು, ಇನ್ನೂ ತಯಾರಾಗಿಲ್ಲವೇ ಎಂದು ಕೇಳಿದರು. ಅವರು ತಪ್ಪೇನೂ ಮಾಡಲಿಲ್ಲ. ಎರಡು ಮಾರು ದೂರದಿಂದ ನೋಡುವವರಿಗೆ ಕಸೂತಿಯ ಸೂಕ್ಷ್ಮ ಕಾಣುವುದಿಲ್ಲ.

ಇಳಕಲ್ ಸೀರೆಯನ್ನು ಎರಡು ಬಕ್ರೀದ್‌ಗಳಲ್ಲಿ ಉಟ್ಟಿದ್ದೇನೆ. ಮೊದಲನೆಯದು 2020ರ ಆಗಸ್ಟ್ 1. ಕೊರೊನಾ ಕಾರಣದಿಂದ ಈದ್ಗಾಹ್‌ನಲ್ಲಿ ನಮಾಜ್ ಇರಲಿಲ್ಲ, ಯಾರೂ ಯಾರ ಮನೆಗೂ ಹೋಗಲಿಲ್ಲ. ನೋಡುವವರು ಯಾರೂ ಇಲ್ಲದ ಆ ದಿನ, ಮನೆಯವರಷ್ಟೇ ಎಂದು ಅತ್ತೆಯವರು ತಮ್ಮ ಪೆಟ್ಟಿಗೆಯಿಂದ ಒಂದು ಇಳಕಲ್ ಸೀರೆ ತೆಗೆದು ನನಗೆ ಉಡಲು ಕೊಟ್ಟರು. ಅವರು ನವಲಗುಂದ ಕಡೆಯ ಹಳ್ಳಿಯವರು. ಅಲ್ಲಿಯ ನಮ್ಮ ಹೆಂಗಸರು ಮೊದಲಿನಿಂದಲೂ ಇಳಕಲ್ ಸೀರೆಯ ಸೆರಗನ್ನೇ ತಲೆಯ ಮೇಲೆ ಹೊದ್ದವರು. “ಸೆರಗ ಸಿಗಿಸಿಕೊಂಡು ಬಾರವಾ, ಮಟನ್ ಬಂತು” ಎಂದು ಅವರು ಹಿತ್ತಲಿನಿಂದ ಕರೆದಾಗ, ಸೆರಗನ್ನು ಸೊಂಟಕ್ಕೆ ಸಿಗಿಸಿ, ನಿರಿಗೆಯನ್ನು ಒಂದಿಷ್ಟು ಮೇಲೆತ್ತಿ ಕಟ್ಟಿಕೊಂಡು ಕುಳಿತುಬಿಟ್ಟೆ. ಶರಾರಾದಲ್ಲಾಗಲಿ ಮೈಸೂರು ರೇಷ್ಮೆಯಲ್ಲಾಗಲಿ ಹಾಗೆ ಕೂರುವುದು ಮುಂದೆಯೂ ಸಾಧ್ಯವಾಗಲಿಲ್ಲ.

ಇದು ಬರೀ ರೂಢಿಯ ಮಾತಲ್ಲ, ಆ ಸೀರೆಯ ನೇಯ್ಗೆಯಲ್ಲೇ ಕಾರಣವಿದೆ. ನಾನು ಉಟ್ಟ ಬಗೆಯ ಇಳಕಲ್‌ನಲ್ಲಿ ಒಡಲು ಹತ್ತಿಯದು. ಅಂಚು ಮತ್ತು ಸೆರಗು ರೇಷ್ಮೆಯವು. ಒಡಲಿನ ಹಾಸು (ಉದ್ದದ) ಎಳೆಗಳಿಗೂ ಸೆರಗಿನ ಹಾಸು ಎಳೆಗಳಿಗೂ ಮಗ್ಗದ ಮೇಲೆಯೇ ಒಂದೊಂದಾಗಿ ಕುಣಿಕೆ ಹಾಕಿ ಜೋಡಿಸುತ್ತಾರೆ. ಅದಕ್ಕೆ ಕೊಂಡಿ ಎಂದು ಹೆಸರು. ಸೆರಗು ಶುರುವಾಗುವಲ್ಲಿ ಬೆರಳು ಆಡಿಸಿದರೆ ಆ ಕೊಂಡಿಗಳ ಸಾಲು ಸಣ್ಣ ಏಣಿನಂತೆ ಕೈಗೆ ಹತ್ತುತ್ತದೆ. ಅದರಿಂದ ಈಚೆಗೆ ಹತ್ತಿಯ ಒರಟು, ಆಚೆಗೆ ರೇಷ್ಮೆಯ ನುಣುಪು. ಹೀಗೆ ಕೆಲಸ ತಾಗುವ ಜಾಗದಲ್ಲೆಲ್ಲ ಹತ್ತಿ ಬರುತ್ತದೆ, ಕಣ್ಣು ಬೀಳುವ ಜಾಗದಲ್ಲಿ ರೇಷ್ಮೆ ಬರುತ್ತದೆ. ಸೆರಗು ಸೊಂಟದಲ್ಲಿದ್ದಾಗ ಮೈಮೇಲೆ ಇರುವುದು ದುಡಿಯುವ ಬಟ್ಟೆ. ಬಾಗಿಲು ತಟ್ಟಿದ ಸದ್ದಾಗಿ ಕೈತೊಳೆದು ಸೆರಗು ಬಿಚ್ಚಿ ತಲೆಯ ಮೇಲೆ ಎಳೆದುಕೊಂಡರೆ, ಕೆಂಪು ನೆಲದ ಮೇಲೆ ಬಿಳಿ ತೆನೆಗಳಿರುವ ಆ ಸೆರಗಿನಿಂದ ಅದೇ ಸೀರೆ ಹಬ್ಬದ ಉಡುಪಾಗುತ್ತದೆ. ಸೆರಗಿಗೆ ತೂಕವಿರುವುದರಿಂದ ಪಿನ್ ಇಲ್ಲದೆ ತಲೆಯ ಮೇಲೆ ನಿಲ್ಲುತ್ತದೆ. ನಾಲ್ಕು ಉಡುಪುಗಳಲ್ಲಿ ಬಟ್ಟೆ ಬದಲಿಸದೆ ಬೆಳಗಿನಿಂದ ರಾತ್ರಿಯ ಇಶಾ ನಮಾಜಿನವರೆಗೆ ಉಳಿದದ್ದು ಇದೊಂದೇ.

ಇದಕ್ಕೂ ಕೊರತೆಗಳಿವೆ. ಮೊದಲ ಸಲ ತೊಳೆದಾಗ ಕೆಂಪು ಬಣ್ಣ ಬಿಟ್ಟು ಒಡಲಿನ ಒಂದು ಮೂಲೆಗೆ ಹತ್ತಿತು. ಮೊದಲ ಒಗೆತವನ್ನು ತಣ್ಣೀರಿನಲ್ಲಿ, ಸೆರಗನ್ನು ಬೇರೆಯಾಗಿ ಹಿಡಿದು ಮಾಡಬೇಕಿತ್ತು. ಸೀರೆಯಲ್ಲಿ ಸೊಂಟ ಕಾಣುವುದರಿಂದ ನಮಾಜಿಗೆ ಮೇಲೊಂದು ದೊಡ್ಡ ಓಢಣಿ ಬೇಕೇ ಬೇಕು. 2025ರ ಜೂನ್ 7ರ ಹಬ್ಬಕ್ಕೆ ಇದನ್ನು ಸರಿಪಡಿಸಲು ಗುಳೇದಗುಡ್ಡದ ಖಣದಲ್ಲಿ (ಕುಪ್ಪಸಕ್ಕೆಂದೇ ನೇಯುವ ಬಟ್ಟೆ) ಉದ್ದ ತೋಳಿನ, ಸೊಂಟ ಮುಚ್ಚುವಷ್ಟು ಇಳಿಬಿದ್ದ ಕುಪ್ಪಸ ಹೊಲಿಸಿದೆ. ಒಂದು ಖಣ ಸಾಲದೆ ಎರಡು ಬೇಕಾದವು. ದರ್ಜಿಯವರು ಎರಡರ ಅಂಚುಗಳನ್ನು ಮುಂಗೈ ಬಳಿ ಬಳೆಯಂತೆ ಸುತ್ತಿ ಬರುವ ಹಾಗೆ ಕೂಡಿಸಿಕೊಟ್ಟರು. ಅದರಿಂದ ದೊರೆತ ಅಂದ ನಾನು ನಿರೀಕ್ಷಿಸದೇ ಬಂದದ್ದು.

ಸೀರೆ ಉಟ್ಟು ರೂಢಿಯಿಲ್ಲದವರಿಗೆ, ಹಾಲುಣ್ಣುವ ಮಗುವಿರುವವರಿಗೆ ನಾನು ಕಸೂತಿ ಕುರ್ತಾವನ್ನೇ ಹೇಳುತ್ತೇನೆ. ಸಂಜೆಗೆ ಇಸ್ತ್ರಿ ಮಾಡಿದ ಎರಡನೆಯ ದುಪಟ್ಟಾ ಒಂದನ್ನು ತೆಗೆದಿಟ್ಟುಕೊಂಡರೆ ಸಾಕು. ಉಳಿದವರು ಇಳಕಲ್ ಸೀರೆಯನ್ನು ಒಮ್ಮೆ ಉಟ್ಟು ನೋಡಬೇಕು. ಮೈಸೂರು ರೇಷ್ಮೆಯನ್ನು ನಾನು ಬಕ್ರೀದ್‌ನ ಮೂರನೆಯ ದಿನಕ್ಕೆ ಎತ್ತಿಟ್ಟಿದ್ದೇನೆ. ಅಷ್ಟರಲ್ಲಿ ಮಾಂಸದ ಕೆಲಸ ಮುಗಿದಿರುತ್ತದೆ, ನಾವು ಬೇರೆಯವರ ಮನೆಗೆ ಹೋಗುವ ಸರದಿ ಬಂದಿರುತ್ತದೆ.

ಒಂದು ಮಾತನ್ನು ಮಾತ್ರ ಸೇರಿಸಬೇಕು. ನಾನು ಇವನ್ನು ಉಟ್ಟು ನೋಡಿದ್ದೆಲ್ಲ ಮಳೆಗಾಲದ ಬಕ್ರೀದ್‌ಗಳಲ್ಲಿ. ಚಾಂದ್ರಮಾನದ ವರ್ಷ ಸುಮಾರು 11 ದಿನ ಚಿಕ್ಕದಾದ್ದರಿಂದ ಹಬ್ಬ ಈಗ ಬೇಸಿಗೆಯ ಕಡೆಗೆ ಸರಿಯುತ್ತಿದೆ. ಉದ್ದ ತೋಳಿನ ಖಣದ ಕುಪ್ಪಸ ಮೇ ತಿಂಗಳ ಸೆಕೆಯಲ್ಲಿ, ಉರಿಯುವ ಒಲೆಯ ಮುಂದೆ ತಾಳೀತೇ ಎಂಬ ಅನುಮಾನ ನನಗಿದೆ. ಅತ್ತೆಯವರು ತೆಳು ಹತ್ತಿಯಲ್ಲಿ ಅದೇ ಅಳತೆಯ ಇನ್ನೊಂದು ಕುಪ್ಪಸ ಹೊಲಿಸಿಡು, ಖಣದ ಪಟ್ಟಿಯನ್ನು ಮುಂಗೈಗೆ ಮಾತ್ರ ಇಡಿಸು ಎಂದಿದ್ದಾರೆ. ದರ್ಜಿಗೆ ಬಟ್ಟೆ ಕೊಟ್ಟಾಗಿದೆ.