ಭಾನುವಾರವೇ ಬಿಲ್ ಕಟ್ಟಲು ಕೊನೆ ದಿನ: ಯಾವ ದಾರಿ ವಾಸಿ?

ಶನಿವಾರ, ಭಾನುವಾರ ಅಥವಾ ಸರ್ಕಾರಿ ರಜೆಯ ದಿನವೇ ಗಡುವು ಬಿದ್ದ ಬಿಲ್‌ಗಳನ್ನು ನಾನು ಬೇರೆ ಬೇರೆ ದಾರಿಯಲ್ಲಿ ಕಟ್ಟಿ ನೋಡಿದ್ದೇನೆ. ನನಗೆ ಒಗ್ಗಿದ್ದು ಮುಂಚೆಯೇ ದಿನಾಂಕ ಹಾಕಿಡುವ ಪಾವತಿ. ಬಹಳ ಕಡೆ ಲೆಕ್ಕಕ್ಕೆ ಬರುವುದು ನಾವು ಬಟನ್ ಒತ್ತಿದ ದಿನವಲ್ಲ, ಬಿಲ್ ಕಳಿಸಿದವರ ಲೆಕ್ಕದಲ್ಲಿ ದುಡ್ಡು ಜಮೆಯಾದ ದಿನ.

ಚೆಕ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ರಜೆ ಹತ್ತಿರ ಇದ್ದಾಗ ಅದು ಬೇಡವೇ ಬೇಡ.

ಆನ್‌ಲೈನ್ ವರ್ಗಾವಣೆ ಈಗ ಸುಲಭ. ಭಾರತದಲ್ಲಿ ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ದುಡ್ಡು ಕಳಿಸುವ ನೆಫ್ಟ್ 2019ರ ಡಿಸೆಂಬರ್‌ನಿಂದ ರಜೆಯಲ್ಲೂ ನಡೆಯುತ್ತದೆ. ಅಮೆರಿಕದ ತಕ್ಷಣದ ವರ್ಗಾವಣೆ ವ್ಯವಸ್ಥೆ ಫೆಡ್‌ನೌ 2023ರಲ್ಲಿ ಶುರುವಾಯಿತು, ಅದಕ್ಕೂ ರಜೆ ಇಲ್ಲ. ಆದರೆ ದುಡ್ಡು ಬ್ಯಾಂಕ್ ಮುಟ್ಟಿದರೆ ಸಾಲದು, ಅಲ್ವಾ? ಭಾನುವಾರ ಸಂಜೆ ನನ್ನ ಮೊಬೈಲ್‌ನಲ್ಲಿ ‘ಪಾವತಿ ಯಶಸ್ವಿ’ ಅಂತ ಬಂತು. ಬಿಲ್ ಕಳಿಸಿದವರ ಆ್ಯಪ್‌ನಲ್ಲಿ ಮಾತ್ರ ಸೋಮವಾರ ಮಧ್ಯಾಹ್ನದವರೆಗೂ ‘ಬಾಕಿ’ ಅಂತಲೇ ಇತ್ತು. ದಂಡವನ್ನೂ ಸೇರಿಸಿದ್ದರು. ವಹಿವಾಟಿನ ಸಂಖ್ಯೆ ತೋರಿಸಿದ ಮೇಲೆ ತೆಗೆದರು. ಆ ಸಂಖ್ಯೆಯ ಸ್ಕ್ರೀನ್‌ಶಾಟ್ ತೆಗೆದಿಡಿ, ಸುಮ್ನೆ ಹೇಳುತ್ತಿಲ್ಲ.

ಆಟೋ ಡೆಬಿಟ್‌ನಲ್ಲಿ ಈ ತಲೆನೋವಿಲ್ಲ. ನಮ್ಮ ಖಾತೆಯಿಂದ ದುಡ್ಡು ಎಳೆದುಕೊಳ್ಳುವವರು ಬಿಲ್ ಕಳಿಸಿದವರೇ ಆದ್ದರಿಂದ, ಖಾತೆಯಲ್ಲಿ ಹಣವಿದ್ದರೆ ತಡವಾಯಿತು ಅನ್ನುವ ಹಾಗಿಲ್ಲ. ಆದರೆ ಯಾವತ್ತು ಎಳೆಯುತ್ತಾರೆ ಅನ್ನುವುದು ಊರಿಗೊಂದು ಥರ. ಬ್ರಿಟನ್‌ನಲ್ಲಿ ರಜೆ ಬಿದ್ದರೆ ಮುಂದಿನ ಕೆಲಸದ ದಿನ. ಭಾರತದಲ್ಲಿ ಆಟೋ ಡೆಬಿಟ್ ನಡೆಸುವ ನ್ಯಾಚ್ ವ್ಯವಸ್ಥೆ 2021ರ ಆಗಸ್ಟ್‌ನಿಂದ ಎಲ್ಲ ದಿನವೂ ನಡೆಯುವುದರಿಂದ ಭಾನುವಾರವೇ ಹೋಗಬಹುದು. ಸೋಮವಾರ ತಾನೇ ಅಂತ ಖಾತೆ ಖಾಲಿ ಬಿಟ್ಟರೆ ಡೆಬಿಟ್ ಬೌನ್ಸ್ ಆಗುತ್ತದೆ, ದಂಡ ಬೀಳುತ್ತದೆ. ಹಾಗಿದ್ದರೂ ತಿಂಗಳು ತಿಂಗಳು ಮೊತ್ತ ಬದಲಾಗುವ ಬಿಲ್‌ಗೆ ನಾನು ಇದನ್ನೇ ಇಟ್ಟುಕೊಂಡಿದ್ದೇನೆ.

ಮೊತ್ತ ಬದಲಾಗದ ಬಿಲ್‌ಗೆ ದಿನಾಂಕ ಹಾಕಿಡುವುದೇ ಸರಿ. ಭಾನುವಾರ ಗಡುವಿದ್ದರೆ ಗುರುವಾರಕ್ಕೆ ಹಾಕುತ್ತೇನೆ. ಶುಕ್ರವಾರ ಯಾಕಲ್ಲ ಅಂದರೆ, ಎಷ್ಟೋ ಕಡೆ ಮಧ್ಯಾಹ್ನದ ಮೇಲೆ ಬಂದದ್ದು ಮುಂದಿನ ಕೆಲಸದ ದಿನದ ಲೆಕ್ಕಕ್ಕೆ ಹೋಗುತ್ತದೆ. ಆಗ ಶುಕ್ರವಾರ ಅನ್ನುವುದು ಸೋಮವಾರ ಆದಂತೆಯೇ. ‘ರಜೆ ಬಂದರೆ ಹಿಂದಿನ ದಿನವೋ, ಮುಂದಿನ ದಿನವೋ’ ಅಂತ ಆ್ಯಪ್ ಕೇಳಿದರೆ ಹಿಂದಿನದನ್ನೇ ಒತ್ತಿ.

ರಜೆ ಇದ್ದರೆ ಮರುದಿನ ಕಟ್ಟಬಹುದು ಅಂತ ಹೇಳುವವರಿದ್ದಾರೆ. ಅದನ್ನು ನಂಬಿ ಕೂರಬೇಡಿ. ಅಮೆರಿಕದ ಕ್ರೆಡಿಟ್ ಕಾರ್ಡ್ ನಿಯಮದಲ್ಲಿ ಅಂಥ ವಿನಾಯಿತಿ ಇದೆ. ಆದರೆ ಅದು ಅಂಚೆಯಲ್ಲಿ ಕಳಿಸಿದ ಪಾವತಿಗೆ. ಕಂಪನಿ ಆ ದಿನ ಆನ್‌ಲೈನ್‌ನಲ್ಲಿ ದುಡ್ಡು ತೆಗೆದುಕೊಳ್ಳುತ್ತಿದ್ದರೆ, ಆನ್‌ಲೈನ್‌ನಲ್ಲಿ ಕಟ್ಟುವವರಿಗೆ ಆ ವಿನಾಯಿತಿ ಕೊಡಬೇಕಾಗಿಲ್ಲ.

ದಿನಾಂಕ ಹಾಕಿಡುವುದರಲ್ಲಿ ಒಂದು ಕಷ್ಟ ಇದೆ. ದುಡ್ಡು ಕೆಲವು ದಿನ ಮೊದಲೇ ಕೈಬಿಡುತ್ತದೆ. ಸಂಬಳಕ್ಕೂ ಗಡುವಿಗೂ ಅಂತರ ಕಮ್ಮಿ ಇದ್ದರೆ ಬಿಲ್ಲಿನ ದಿನಾಂಕವನ್ನೇ ಒಂದು ವಾರ ಮುಂದಕ್ಕೆ ಹಾಕಿಕೊಡಲು ಕೇಳಿ. ಎಷ್ಟೋ ಕಾರ್ಡ್ ಕಂಪನಿಗಳು ಒಪ್ಪುತ್ತವೆ.